ರಾಗಿ, ಸೊಪ್ಪು, ಬಜೆ, ಬೋರ್ ನೀರು: ಮಕ್ಕಳ ಪೌಷ್ಟಿಕಾಂಶ ಮತ್ತೆ ಔಷಧಿ ಗಿಡಗಳ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬಯೋಕೆಮಿಸ್ಟ್ರಿ ಓದಿದ್ದು ದಾವಣಗೆರೆಲಿ, ತೋಳಹುಣಸೆ ಕ್ಯಾಂಪಸ್‌ನಲ್ಲಿ. ಆಮೇಲೆ ಸ್ಯಾಂಪಲ್ ತರೋಕೆ ಅಂತ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹಳ್ಳಿಗಳಿಗೆ ಓಡಾಡ್ತಾ ಇದ್ದಾಗ ಅಂಗನವಾಡಿ ಟೀಚರ್‌ಗಳು, ತಾಯಂದಿರು, ಅಜ್ಜಿಯರು, ಕಾಲೇಜು ಹುಡುಗ್ರು ಎಲ್ಲಾರೂ ಸುತ್ತಿ ಬಳಸಿ ಇವೇ ಪ್ರಶ್ನೆ ಕೇಳ್ತಿದ್ರು, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಕಡೆ ಬರೆದಿಟ್ಟಿದೀನಿ. ಮಗುಗೆ ಹುಷಾರಿಲ್ಲ ಅಂದ್ರೆ ಇದನ್ನ ಓದ್ತಾ ಕೂರಬೇಡಿ, ಮೊದಲು ಡಾಕ್ಟರ್ ಹತ್ರ ಹೋಗಿ.

ಮಕ್ಕಳ ಊಟಕ್ಕೂ ನಿಮ್ಮ ಲ್ಯಾಬ್‌ಗೂ ಏನ್ರಿ ಸಂಬಂಧ?

ತಟ್ಟೇಲಿ ಇರೋದು ಬೇರೆ, ರಕ್ತಕ್ಕೆ ಸೇರೋದು ಬೇರೆ. ನಮ್ಮ ಕೆಲಸ ಎಲ್ಲಾ ಆ ಎರಡರ ಮಧ್ಯೆನೇ ಇರೋದು. 100 ಗ್ರಾಂ ರಾಗೀಲಿ ನಾಲ್ಕೂವರೆ ಮಿಲಿಗ್ರಾಂ ಹತ್ರ ಕಬ್ಬಿಣ ಐತೆ ಅಂತ ಪೋಷಕಾಂಶಗಳ ಪಟ್ಟಿ ಹೇಳುತ್ತೆ, ಆದ್ರೆ ಅದೇ ರಾಗೀಲಿ ಫೈಟೇಟ್ ಅಂತ ಒಂದು ಐತೆ, ಟ್ಯಾನಿನ್ ಅಂತ ಇನ್ನೊಂದು ಐತೆ, ಇವೆರಡೂ ಕಬ್ಬಿಣ, ಜಿಂಕ್ ಹಿಡ್ಕೊಂಡು ಬಿಡಲ್ಲ, ಹಂಗಾಗಿ ಮಗು ತಿಂದ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ಕರುಳು ದಾಟಿ ರಕ್ತಕ್ಕೆ ಹೋಗೋದು, ಉಳಿದದ್ದು ಹಂಗೇ ಹೊರಗೆ. ಆ ಸ್ವಲ್ಪನ ಜಾಸ್ತಿ ಮಾಡೋದು ಹೆಂಗೆ ಅನ್ನೋದೇ ಪ್ರಶ್ನೆ. ಅದಕ್ಕೆ ಉತ್ತರ ತುಂಬಾ ಸಲ ಅಡುಗೆಮನೇಲೇ ಇರುತ್ತೆ: ನೆನೆಸೋದು, ಮೊಳಕೆ ಕಟ್ಟೋದು, ಹುಳಿ ಬರಿಸೋದು, ಊಟದ ಮೇಲೆ ಒಂದು ಹೋಳು ನಿಂಬೆಹಣ್ಣು ಹಿಂಡೋದು.

ನಮ್ಮ ಮಕ್ಕಳು ಚೆನ್ನಾಗೇ ಇದಾರಲ್ಲ, ಸುಮ್ನೆ ಯಾಕೆ ಹೆದರಿಸ್ತೀರಾ?

ಹೆದರಿಸ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ, 19.5% ಎತ್ತರಕ್ಕೆ ತಕ್ಕ ತೂಕ ಇಲ್ಲ, ಆರು ತಿಂಗಳಿಂದ ಐದು ವರ್ಷದೊಳಗೆ 65.5% ಮಕ್ಕಳಿಗೆ ರಕ್ತಹೀನತೆ. ಅಂದ್ರೆ ಅಂಗನವಾಡೀಲಿ ಕೂತಿರೋ ಮೂರು ಮಕ್ಕಳಲ್ಲಿ ಹತ್ತಿರ ಹತ್ತಿರ ಇಬ್ಬರಿಗೆ ರಕ್ತ ಕಮ್ಮಿ. ಆ ಸಮೀಕ್ಷೇಲಿ ಈ ವಯಸ್ಸಿಗೆ 100 ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗೆ ಬಂದ್ರೆ ರಕ್ತಹೀನತೆ ಅಂತ ಲೆಕ್ಕ. ಮಗು ಗುಂಡಗೆ ಕಂಡ್ರೂ ರಕ್ತ ಕಮ್ಮಿ ಇರಬಹುದು, ಅನ್ನ, ಬಿಸ್ಕೆಟ್, ಮಂಡಕ್ಕಿ ತಿಂದು ಹೊಟ್ಟೆ ತುಂಬಿರುತ್ತೆ, ಕಬ್ಬಿಣ, ಜಿಂಕ್, ವಿಟಮಿನ್ ಎ ಬಂದಿರಲ್ಲ.

ಇನ್ನೊಂದು ಮಾತು, ನಮ್ಮೂರಿನವರಿಗೆ ಬೇಜಾರಾದ್ರೂ ಹೇಳ್ತೀನಿ. ಸಂಜೆ ಮಂಡಕ್ಕಿ ಜೊತೆ ಮಗುಗೂ ಅರ್ಧ ಲೋಟ ಚಾ ಕೊಡೋ ಅಭ್ಯಾಸ ಬಿಡ್ರಿ. ಮಂಡಕ್ಕಿ ನನಗೂ ಇಷ್ಟ, ಅದರ ಮೇಲೆ ಸಿಟ್ಟಿಲ್ಲ, ಅದಕ್ಕೊಂದು ಹಿಡಿ ಹುರಿಗಡಲೆ, ಶೇಂಗಾ, ಹಸಿ ಈರುಳ್ಳಿ, ನಿಂಬೆಹುಳಿ ಬಿದ್ರೆ ಒಳ್ಳೆ ತಿಂಡಿನೇ. ಆದ್ರೆ ಚಾದಲ್ಲಿರೋ ಟ್ಯಾನಿನ್ ಊಟದ ಕಬ್ಬಿಣಾನ ಕಟ್ಟಿಹಾಕುತ್ತೆ. ಎರಡು ವರ್ಷದ ಮಗುಗೆ ಚಾ ಯಾಕೆ ಬೇಕು?

ರಾಗಿ ಸರಿಗೆ ಮೊಳಕೆ ಕಟ್ಟಲೇಬೇಕಾ? ಹಂಗೇ ಹಿಟ್ಟು ಬೀಸಿದ್ರೆ ಆಗಲ್ವಾ?

ಆಗುತ್ತೆ, ಆದ್ರೆ ಮೊಳಕೆ ಕಟ್ಟಿದ್ರೆ ಎರಡು ಲಾಭ, ಎರಡೂ ದೊಡ್ಡವು.

ಮೊದಲನೇದು ಫೈಟೇಟ್. ಕಾಳು ನೆಂದು ಮೊಳಕೆ ಒಡೆಯುವಾಗ ಅದರೊಳಗೇ ಫೈಟೇಸ್ ಅನ್ನೋ ಎನ್‌ಜೈಮ್ ಎಚ್ಚರ ಆಗುತ್ತೆ, ಗಿಡಕ್ಕೆ ಬೇಕಾದ ರಂಜಕ ತಗೊಳ್ಳೋಕೆ ಫೈಟೇಟ್ ಒಡೆಯುತ್ತೆ, ಅದರ ಜೊತೆ ಹಿಡ್ಕೊಂಡಿದ್ದ ಖನಿಜಾನೂ ಬಿಡುಗಡೆ ಆಗುತ್ತೆ. ಎರಡನೇದು ಜನಕ್ಕೆ ಗೊತ್ತಿರೋದು ಕಮ್ಮಿ. ಆರೇಳು ತಿಂಗಳ ಮಗುವಿನ ಹೊಟ್ಟೆ ಚಿಕ್ಕದು, ಗಟ್ಟಿ ಸರಿ ನುಂಗೋಕಾಗಲ್ಲ ಅಂತ ತಾಯಿ ನೀರು ಹಾಕಿ ಹಾಕಿ ತೆಳ್ಳಗೆ ಮಾಡ್ತಾಳೆ, ಮಗು ಬಟ್ಲು ಪೂರ್ತಿ ಕುಡಿದ್ರೂ ಒಳಗೆ ಹೋಗಿದ್ದು ನೀರೇ ಜಾಸ್ತಿ. ಮೊಳಕೆ ಕಟ್ಟಿದ ಹಿಟ್ಟಲ್ಲಿ ಅಮೈಲೇಸ್ ಅನ್ನೋ ಇನ್ನೊಂದು ಎನ್‌ಜೈಮ್ ಇರುತ್ತೆ, ಅದು ಪಿಷ್ಟಾನ ತುಂಡು ತುಂಡು ಮಾಡುತ್ತೆ, ಹಂಗಾಗಿ ಹಿಟ್ಟು ಜಾಸ್ತಿ ಹಾಕಿದ್ರೂ ಸರಿ ಮುದ್ದೆ ಆಗಲ್ಲ, ತೆಳ್ಳಗೇ ಇರುತ್ತೆ. ಅಂದ್ರೆ ಅದೇ ಬಟ್ಲಲ್ಲಿ ಜಾಸ್ತಿ ಶಕ್ತಿ. ಗಟ್ಟಿಯಾಗಿ ಬೇಯಿಸಿದ ಬಿಸಿ ಸರಿಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿ ಇನ್ನೊಂದು ಕುದಿ ಬರಿಸಿ ನೋಡ್ರಿ, ಕಣ್ಣೆದುರೇ ತೆಳ್ಳಗಾಗುತ್ತೆ. ಚಳ್ಳಕೆರೆ ಹತ್ರ ಒಂದು ಅಂಗನವಾಡೀಲಿ ಇದನ್ನ ಮಾಡಿ ತೋರಿಸಿದಾಗ ಅಲ್ಲಿದ್ದ ಒಬ್ಬ ಅಜ್ಜಿ "ನೀರು ಹಾಕದೇ ನೀರಾತಲ್ಲವ್ವಾ" ಅಂತ ಮತ್ತೆ ಮತ್ತೆ ಸೌಟು ಎತ್ತಿ ಬಿಟ್ಟು ನೋಡಿದ್ರು.

ಮಾಡೋ ವಿಧಾನ ಕಷ್ಟ ಏನಲ್ಲ. ರಾಗಿ ತೊಳೆದು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಡಿ, ಒಂದೆರಡು ದಿನಕ್ಕೆ ಬಿಳಿ ಮೊಳಕೆ ಬರುತ್ತೆ, ಚೆನ್ನಾಗಿ ಒಣಗಿಸಿ, ಘಮ ಬರೋವಷ್ಟು ಮಾತ್ರ ಸಣ್ಣ ಉರೀಲಿ ಬೆಚ್ಚಗೆ ಮಾಡಿ ಬೀಸಿಸಿ. ಕೆಂಪಗೆ ಹುರಿದ್ರೆ ಎನ್‌ಜೈಮ್ ಹಾಳಾಗುತ್ತೆ, ಆಗ ಮೊಳಕೆ ಕಟ್ಟಿದ ಶ್ರಮ ಅರ್ಧ ದಂಡ. ಲೋಳೆ ಬಂದು ವಾಸನೆ ಹೊಡೀತಿದ್ರೆ ಎಸೀರಿ. ರಾಗಿಲಿ ಕ್ಯಾಲ್ಸಿಯಂ 100 ಗ್ರಾಂಗೆ 360 ಮಿಲಿಗ್ರಾಂ ಮೇಲೆ ಐತೆ, ಪಾಲಿಶ್ ಅಕ್ಕೀಲಿ ಹತ್ತೂ ಇರಲ್ಲ. ಆದ್ರೆ ರಾಗೀಲಿ ಪ್ರೋಟೀನ್ ಏಳೇ ಗ್ರಾಂ ಆಸುಪಾಸು, ಅದಕ್ಕೇ ಹೆಸರುಬೇಳೆನೋ, ಹುರಿಗಡಲೆನೋ, ಶೇಂಗಾ ಪುಡಿನೋ ಸೇರಿಸಬೇಕು, ಮೇಲೆ ಒಂದು ಚಮಚ ಎಣ್ಣೆ ಇಲ್ಲಾ ತುಪ್ಪ. ಆರು ತಿಂಗಳ ತನಕ ಮಾತ್ರ ತಾಯಿ ಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ.

ನುಗ್ಗೆಸೊಪ್ಪಿನ ಪುಡೀಲಿ ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜಾನಾ?

ತೂಕಕ್ಕೆ ತೂಕ ಇಟ್ರೆ ಹತ್ತಿರ ಹತ್ತಿರ ನಿಜ, ಯಾಕಂದ್ರೆ ಒಣಗಿಸಿದಾಗ ನೀರೆಲ್ಲಾ ಹೋಗಿ ಎಲ್ಲಾ ಒತ್ತೊತ್ತಾಗಿರುತ್ತೆ. ಆದ್ರೆ ಮಗು 100 ಗ್ರಾಂ ಪುಡಿ ತಿನ್ನುತ್ತಾ? ಒಂದು ಚಮಚ ಅಂದ್ರೆ ಎರಡು ಮೂರು ಗ್ರಾಂ, ಅದರಲ್ಲಿ ಸಿಗೋದು ಅರ್ಧ ಲೋಟ ಹಾಲಿಗಿಂತ ಕಮ್ಮಿ. ಇದನ್ನ ಹೇಳೋದು ನುಗ್ಗೆ ಬೇಡ ಅಂತಲ್ಲ, ನುಗ್ಗೆಸೊಪ್ಪು ನಿಜವಾಗ್ಲೂ ಒಳ್ಳೇದು, ಹಸಿ ಸೊಪ್ಪಲ್ಲೇ 100 ಗ್ರಾಂಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, 100ರ ಮೇಲೆ ವಿಟಮಿನ್ ಸಿ, ಬೀಟಾ ಕ್ಯಾರೋಟಿನ್ ಅಂತೂ ತುಂಬಾ. ಹಿತ್ತಲಲ್ಲಿ ಮರ ಇಟ್ಕೊಂಡು ಅಂಗಡೀಲಿ ದುಡ್ಡು ಕೊಟ್ಟು ಡಬ್ಬಿ ಪುಡಿ ತರೋರನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ. ಹಸಿ ಸೊಪ್ಪು ಬೇಳೆ ಜೊತೆ ಬೇಯಿಸಿ ಒಗ್ಗರಣೆ ಹಾಕಿ, ಕ್ಯಾರೋಟಿನ್ ಎಣ್ಣೇಲಿ ಕರಗೋದು, ಎಣ್ಣೆ ಇಲ್ಲದ ಸೊಪ್ಪಿಂದ ಅದು ಸರಿಯಾಗಿ ಸಿಗಲ್ಲ. ಒಣಗಿಸೋದಾದ್ರೆ ನೆರಳಲ್ಲಿ, ಬಿಸಿಲಿಗೆ ಹಾಕಿದ್ರೆ ಕ್ಯಾರೋಟಿನ್ ಹಾಳು.

ಹೊನಗೊನೆ, ಹರಿವೆ, ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗೇ ಬರೋವು, ಇವನ್ನೆಲ್ಲಾ ಕಳೆ ಅಂತ ಔಷಧಿ ಹೊಡೆದು ಸಾಯಿಸ್ತಿದೀವಿ. ನಮ್ಮಜ್ಜಿ ಉಡಿ ತುಂಬ ಬೆರಕೆ ಸೊಪ್ಪು ತರೋರು. ಈಗ ತರಬೇಕಂದ್ರೆ ಆ ಹೊಲಕ್ಕೆ ಕಳೆನಾಶಕ ಹೊಡೆದಿದಾರಾ ಅಂತ ಮೊದಲು ಕೇಳಬೇಕು.

ಎಳೆ ಮಗುಗೆ ಬಜೆ, ಮಾಚಿಕಾಯಿ, ಜಾಯಿಕಾಯಿ ತೇದು ಹಾಕ್ತೀವಿ. ಲ್ಯಾಬ್‌ನವರು ಏನಂತೀರಾ?

ಇದನ್ನ ಬರೆಯುವಾಗ ಎದುರಿಗೆ ನಮ್ಮಮ್ಮನೇ ಕೂತಿದಾರೆ ಅನ್ಸುತ್ತೆ, ಯಾಕಂದ್ರೆ ನಮ್ಮಕ್ಕನ ಬಾಣಂತನದಲ್ಲಿ ಇದೇ ವಿಷಯಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. "ನೀನು ಇದನ್ನೇ ನೆಕ್ಕಿ ಬೆಳೆದಿದ್ದು, ಈಗ ನನಗೇ ಹೇಳ್ತೀಯಾ" ಅಂದ್ರು. ಅಮ್ಮನ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ, ಅನುಮಾನ ಇರೋದು ಬಜೆ ಬಗ್ಗೆ.

ಬಜೆ ಎಣ್ಣೇಲಿ ಬೀಟಾ ಅಸರೋನ್ ಅಂತ ಒಂದು ರಾಸಾಯನಿಕ ಐತೆ. ಇಲಿಗಳಿಗೆ ತುಂಬಾ ದಿನ ತಿನ್ನಿಸಿದಾಗ ಕ್ಯಾನ್ಸರ್ ಗೆಡ್ಡೆ ಬೆಳೆದಿದ್ದು ನೋಡಿ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನ ಆಹಾರದಲ್ಲಿ ಹಾಕೋ ಹಂಗಿಲ್ಲ ಅಂತ ಮಾಡಿದ್ರು. ಬಜೇಲೂ ತಳಿ ತಳಿಗೆ ವ್ಯತ್ಯಾಸ ಐತೆ, ಕೆಲವು ತಳೀಲಿ ಅದು ಇರೋದೇ ಇಲ್ಲ, ಆದ್ರೆ ನಮ್ಮ ದೇಶದ ಬಜೇಲಿ ಇದರ ಪ್ರಮಾಣ ಜಾಸ್ತಿ. ಒಂದು ಸಲ ತೇದು ನೆಕ್ಕಿಸಿದ ತಕ್ಷಣ ಏನೋ ಆಗಿಹೋಗುತ್ತೆ ಅಂತ ನಾನು ಹೇಳಲ್ಲ, ಆದ್ರೆ ಮೂರು ಕೆಜಿ ಮಗುವಿನ ಲಿವರ್ ಇನ್ನೂ ಬಲಿತಿರಲ್ಲ, ಅದಕ್ಕೆ ದಿನಾ ದಿನಾ ಅಳತೆ ಇಲ್ಲದೇ ಕೊಡೋದು ಸರಿ ಅಲ್ಲ. ಜಾಯಿಕಾಯೀಲೂ ಮಿರಿಸ್ಟಿಸಿನ್ ಅಂತ ಐತೆ, ಜಾಸ್ತಿ ಆದ್ರೆ ಮಂಪರು. ಮಗು "ಚೆನ್ನಾಗಿ ನಿದ್ದೆ ಮಾಡ್ತು" ಅನ್ನೋದು ಯಾವಾಗ್ಲೂ ಒಳ್ಳೆ ಲಕ್ಷಣ ಅಲ್ಲ.

ಇದರ ಜೊತೆ ಇನ್ನೆರಡು. ತೇಯೋ ಕಲ್ಲು ಮೂಲೇಲಿ ಒದ್ದೆಯಾಗಿ ಬಿದ್ದಿರುತ್ತೆ, ಭೇದಿ ಶುರು ಆಗೋಕೆ ಅಷ್ಟು ಸಾಕು. ಮತ್ತೆ ಜೇನುತುಪ್ಪ: ಒಂದು ವರ್ಷ ತುಂಬೋ ತನಕ ಒಂದು ಹನಿನೂ ಬೇಡ, ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಾಣು ಇರಬಹುದು, ದೊಡ್ಡವರ ಕರುಳಲ್ಲಿ ಅದು ಬೆಳೆಯಲ್ಲ, ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತೆ. ಬಜೆ ಬಳೆ ಕೈಗೆ ಕಟ್ಟೋದಿದ್ರೆ ಕಟ್ಟಿ, ಬಾಯಿಗೆ ಹಾಕ್ಕೊಳ್ಳದ ಹಂಗೆ ನೋಡ್ಕೊಳ್ಳಿ. ಕೊನೆಗೆ ನಮ್ಮಮ್ಮನೂ ಬಳೆಗೆ ಒಪ್ಪಿದ್ರು, ತೇಯೋದು ಬಿಟ್ರು.

ನಮ್ಮ ಬೆಟ್ಟದ ಗಿಡದಲ್ಲಿ ಆಂಟಿಆಕ್ಸಿಡೆಂಟ್ ಸಿಕ್ಕಿದೆ, ಬ್ಯಾಕ್ಟೀರಿಯಾ ಸಾಯ್ತವೆ ಅಂತ ಸಂಶೋಧನೆ ಬಂದಿದೆ. ಹಂಗಾದ್ರೆ ಔಷಧಿ ಆಯ್ತಲ್ವಾ?

ಇನ್ನೂ ಇಲ್ಲ. ಎಂಎಸ್ಸಿ ಹುಡುಗ್ರು ಇದನ್ನ ಪೂರ್ತಿ ಓದ್ರಿ.

ಎಲೆ ಒಣಗಿಸಿ ಪುಡಿ ಮಾಡಿ ಸಾಕ್ಸ್‌ಲೆಟ್ ಅನ್ನೋ ಗಾಜಿನ ಉಪಕರಣದಲ್ಲಿ ಮೆಥನಾಲ್ ಹಾಕಿ ಸಾರ ತೆಗೀತೀವಿ, ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಹಾಕ್ತೀವಿ, ಹಳದಿಗೆ ತಿರುಗಿದ್ರೆ ಆಂಟಿಆಕ್ಸಿಡೆಂಟ್ ಐತೆ ಅಂತ. 517 ನ್ಯಾನೋಮೀಟರ್ ಬೆಳಕಲ್ಲಿ ಬಣ್ಣ ಎಷ್ಟು ಇಳೀತು ಅಂತ ರೀಡಿಂಗ್ ತಗೊಂಡು ಗ್ರಾಫ್ ಹಾಕ್ತೀವಿ. ಸರಿ, ಆದ್ರೆ ಹಸಿರು ಎಲೆ ಯಾವುದು ತಂದ್ರೂ ಸ್ವಲ್ಪನಾದ್ರೂ ಹಳದಿ ಬಂದೇ ಬರುತ್ತೆ, ಎಲ್ಲಾದ್ರಲ್ಲೂ ಫೀನಾಲ್ ಜಾತಿಯ ರಾಸಾಯನಿಕ ಇರುತ್ತಲ್ಲ. ಬ್ಯಾಕ್ಟೀರಿಯಾ ಬೆಳೆಸೋ ಅಗಾರ್ ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಸತ್ತು ಸುತ್ತ ಒಂದು ಖಾಲಿ ವೃತ್ತ ಬಂತು ಅನ್ನೋದೂ ಅಷ್ಟೇ, ಆ ಪ್ರಮಾಣ ಮನುಷ್ಯನ ರಕ್ತದಲ್ಲಿ ಬರೋಕೆ ಎಷ್ಟು ಕೆಜಿ ಸೊಪ್ಪು ತಿನ್ನಬೇಕು ಅನ್ನೋ ಲೆಕ್ಕ ಯಾರೂ ಹಾಕಲ್ಲ. ಇದು ಮೊದಲ ಮೆಟ್ಟಿಲು. ಆಮೇಲೆ ಯಾವ ಅಣು ಕೆಲಸ ಮಾಡ್ತಿದೆ ಅಂತ ಬೇರ್ಪಡಿಸಬೇಕು, ಜೀವಕೋಶಕ್ಕೆ ವಿಷವಾ ನೋಡಬೇಕು, ಪ್ರಾಣಿಗಳಲ್ಲಿ ನೋಡಬೇಕು, ಕೊನೆಗೆ ಮನುಷ್ಯರಲ್ಲಿ.

ಹಂಗಂತ ಗಿಡದಿಂದ ಔಷಧಿ ಬರಲ್ಲ ಅಂತಲ್ಲ. ಸರ್ಪಗಂಧಿ ಬೇರು ರಕ್ತದೊತ್ತಡ ಇಳಿಸುತ್ತೆ ಅಂತ 1931ರಲ್ಲಿ ನಮ್ಮ ದೇಶದ ಸೇನ್ ಮತ್ತೆ ಬೋಸ್ ಬರೆದ್ರು, ಅದರಿಂದ ರಿಸರ್ಪಿನ್ ಬೇರ್ಪಡಿಸಿದ್ದು 1952ರಲ್ಲಿ. ಮಲೇರಿಯಾದ ಆರ್ಟಿಮಿಸಿನಿನ್ ಕಥೆ ನನಗೆ ಇನ್ನೂ ಇಷ್ಟ: ಚೀನಾದ ತು ಯೂಯೂ ಅವರಿಗೆ ಬಿಸಿ ಮಾಡಿ ತೆಗೆದ ಸಾರದಲ್ಲಿ ಸರಿಯಾಗಿ ಫಲ ಸಿಗಲಿಲ್ಲ, ಹಳೇ ಗ್ರಂಥದಲ್ಲಿ ಎಲೆನ ನೀರಲ್ಲಿ ನೆನೆಸಿ ಹಿಂಡು ಅಂತಿದ್ದದ್ದು ನೋಡಿ ಕಮ್ಮಿ ಶಾಖದಲ್ಲಿ ಈಥರ್ ಬಳಸಿ ತೆಗೆದ್ರು, ಕೆಲಸ ಮಾಡ್ತು, 2015ರಲ್ಲಿ ನೊಬೆಲ್ ಬಂತು. ನಮ್ಮ ಬೇಲೀಲಿ ಬೆಳೆಯೋ ಆಡುಸೋಗೆ ಸೊಪ್ಪಿನ ವ್ಯಾಸಿಸಿನ್ ಮಾದರೀಲೇ ಕೆಮ್ಮಿನ ಸಿರಪ್‌ನಲ್ಲಿರೋ ಬ್ರೋಮ್‌ಹೆಕ್ಸಿನ್ ಮಾಡಿದ್ದು. ಅಜ್ಜಿ ಮಾತು ಕೇಳಬೇಕು, ಕೇಳಿದ ಮೇಲೆ ಪರೀಕ್ಷೆನೂ ಮಾಡಬೇಕು.

ಕಾಮಾಲೆಗೆ ನೆಲನೆಲ್ಲಿ ಕೊಟ್ರೆ ವಾಸಿ ಆಗಿದ್ದು ಕಣ್ಣಾರೆ ನೋಡಿದೀವಿ?

ಮಕ್ಕಳಿಗೆ ಬರೋ ಕಾಮಾಲೆ ಜಾಸ್ತಿ ಹೆಪಟೈಟಿಸ್ ಎ, ಕೆಟ್ಟ ನೀರಿಂದ ಬರೋದು, ಕೆಲವು ವಾರದಲ್ಲಿ ಬಹುಪಾಲು ತಾನಾಗೇ ಇಳಿಯುತ್ತೆ, ಆ ಟೈಮಲ್ಲಿ ಏನು ಕೊಟ್ಟಿದ್ರೂ ಅದಕ್ಕೇ ಹೆಸರು ಹೋಗುತ್ತೆ. ನೆಲನೆಲ್ಲಿ ಮೇಲೆ ದೊಡ್ಡ ಆಸೆ ಹುಟ್ಟಿದ್ದೂ ನಿಜ, 1988ರಲ್ಲಿ ಲಾನ್ಸೆಟ್ ಪತ್ರಿಕೇಲಿ ಚೆನ್ನೈನ ವಿಜ್ಞಾನಿಗಳು ಹೆಪಟೈಟಿಸ್ ಬಿ ಇರೋರಿಗೆ ಕೊಟ್ಟಾಗ 59% ಜನರಲ್ಲಿ ವೈರಸ್ ಗುರುತು ಹೋಯ್ತು ಅಂತ ಬರೆದ್ರು, ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಬರಲಿಲ್ಲ. ಮಗು ಮಂಕಾದ್ರೆ, ವಾಂತಿ ನಿಲ್ಲದಿದ್ರೆ, ಮೂಗಲ್ಲಿ ರಕ್ತ ಬಂದ್ರೆ ನೆಲನೆಲ್ಲಿ ಅರೀತಾ ಕೂರಬೇಡಿ. ಹುಟ್ಟಿದ ಮಗುವಿನ ಕಾಮಾಲೆ ಬೇರೇನೇ, ಅದಕ್ಕೆ ನಾಟಿ ಔಷಧಿ ಬೇಡವೇ ಬೇಡ.

ಅಮೃತಬಳ್ಳಿ ಕಷಾಯಾನೂ ದಿನಾ ಕುಡಿಸಬೇಡಿ. ಕೋವಿಡ್ ಟೈಮಲ್ಲಿ ತಿಂಗಳುಗಟ್ಟಲೆ ಕುಡಿದ ದೊಡ್ಡವರಿಗೇ ಲಿವರ್ ತೊಂದರೆ ಆಗಿದ್ದನ್ನ 2021ರಲ್ಲಿ ಮುಂಬೈ ಡಾಕ್ಟರ್‌ಗಳು ವರದಿ ಮಾಡಿದ್ರು.

ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಐತೆ. ಅದಕ್ಕೂ ಊಟಕ್ಕೂ ಸಂಬಂಧ ಐತಾ?

ಐತೆ, ಮತ್ತೆ ನಮ್ಮ ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಂತ ನನ್ನ ಅಭಿಪ್ರಾಯ.

ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ ಬರುತ್ತೆ, ಹಲ್ಲು ಒಳಗೆ ರೂಪ ಆಗೋ ವಯಸ್ಸಲ್ಲೇ ಅದು ಆಗಿಹೋಗಿರುತ್ತೆ, ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಪ್ರಮಾಣ ಇನ್ನೂ ಜಾಸ್ತಿ ಆದ್ರೆ ಮೂಳೆಗೇ ಬರುತ್ತೆ. ನಲ್ಗೊಂಡ ಕಡೆ ಮಕ್ಕಳ ಮಂಡಿ ಒಳಗೆ ಬಾಗಿ ಒಂದಕ್ಕೊಂದು ತಾಗೋದನ್ನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1973ರಲ್ಲೇ ಬರೆದಿದ್ರು. ಕ್ಯಾಲ್ಸಿಯಂ ಕಮ್ಮಿ ತಿನ್ನೋ ಮಕ್ಕಳಿಗೆ ಏಟು ಜಾಸ್ತಿ, ಯಾಕಂದ್ರೆ ಊಟದಲ್ಲಿ ಕ್ಯಾಲ್ಸಿಯಂ ಇದ್ರೆ ಕರುಳಲ್ಲೇ ಫ್ಲೋರೈಡ್‌ನ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋಗುತ್ತೆ. ಇಲ್ಲಿ ರಾಗಿ, ಹಾಲು, ಸೊಪ್ಪು ಬರೀ ಆಹಾರ ಅಲ್ಲ, ಕಾವಲು.

ಇದೇ ಸಂಸ್ಥೆಯವರು ಹುಣಸೆಹಣ್ಣಿನ ಮೇಲೆ ಮಾಡಿದ ಕೆಲಸ ಓದಿದಾಗ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ನಮ್ಮೂರಿನ ಹುಣಸೆ ಮರ ಕಣ್ಮುಂದೆ ಬಂತು. ಶಾಲೆ ಹುಡುಗರಿಗೆ ದಿನಾ 10 ಗ್ರಾಂ ಹುಣಸೆ 18 ದಿನ ಕೊಟ್ರು, ಮೂತ್ರದಲ್ಲಿ ಹೊರಗೆ ಹೋಗೋ ಫ್ಲೋರೈಡ್ ಜಾಸ್ತಿ ಆಯ್ತು, 2002ರಲ್ಲಿ ಪ್ರಕಟ ಆಯ್ತು. ನಮ್ಮ ಸಾರು, ಗೊಜ್ಜು, ಹುಳಿಯನ್ನ ಎಲ್ಲಾದ್ರಲ್ಲೂ ಇರೋ ಹುಣಸೆ. ಆದ್ರೆ ಹುಣಸೆ ತಿಂದು ಅದೇ ಬೋರ್ ನೀರು ಕುಡೀತಾ ಹೋದ್ರೆ ಪ್ರಯೋಜನ ಇಲ್ಲ. ಮೊದಲು ನೀರು ಬದಲಾಗಬೇಕು, ಶುದ್ಧ ನೀರಿನ ಘಟಕದ್ದು ಇಲ್ಲಾ ಮಳೆ ನೀರು. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಅಡುಗೆಗೂ ಒಳ್ಳೆ ನೀರೇ ಬಳಸಬೇಕು, ಇದನ್ನ ಸುಮಾರು ಜನ ಮರೀತಾರೆ.

ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ತೊಳೆದು ಬಳಸಬಹುದಾ?

ಬೇಡ. ದನಕ್ಕೂ ಹಾಕಬೇಡಿ. ಆ ಬೂಷ್ಟಲ್ಲಿ ಅಫ್ಲಾಟಾಕ್ಸಿನ್ ಇರಬಹುದು, ಲಿವರ್ ಹಾಳು ಮಾಡೋ ವಿಷ, ಹುರಿದ್ರೂ ಬೇಯಿಸಿದ್ರೂ ಪೂರ್ತಿ ಹೋಗಲ್ಲ, ಹಸು ತಿಂದ್ರೆ ಹಾಲಿಗೂ ಬರುತ್ತೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಗಡಿ ಹಳ್ಳಿಗಳಲ್ಲಿ ಮಳೇಲಿ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ರು. ದಾವಣಗೆರೆ ಸುತ್ತ ರೋಡ್ ಮೇಲೆ ಜೋಳ ಒಣಗಿಸೋ ಕಾಲದಲ್ಲಿ ಒಂದು ಅಡ್ಡ ಮಳೆ ಬಂದ್ರೂ ನನಗೆ ಇದೇ ಯೋಚನೆ. ಮಕ್ಕಳ ಶೇಂಗಾ ಚಿಕ್ಕಿಗೆ ಸುಕ್ಕಾದ, ಕಪ್ಪಾದ, ಕಹಿ ಹೊಡೆಯೋ ಕಾಳು ಒಂದೊಂದೂ ಆರಿಸಿ ತೆಗೀರಿ.

ಐರನ್ ಸಿರಪ್ ಕೊಟ್ರೆ ಮಗು ಕಕ್ಕಸ್ಸು ಕಪ್ಪಗಾಗುತ್ತೆ, ನಿಲ್ಲಿಸಿದೀವಿ.

ನಿಲ್ಲಿಸಬೇಡಿ. ಹೀರದೇ ಉಳಿದ ಕಬ್ಬಿಣದ ಬಣ್ಣ ಅದು, ತೊಂದರೆ ಇಲ್ಲ. ವಾರಕ್ಕೆ ಎರಡು ಸಲ ಒಂದೊಂದು ಮಿಲಿ, ಊಟ ಆದ ಮೇಲೆ, ಹಾಲಿನ ಜೊತೆ ಬೇಡ. ಬಾಟ್ಲಿ ಮಗು ಕೈಗೆ ಸಿಗದ ಕಡೆ ಇಡಿ, ಒಂದೇ ಸಲ ಪೂರ್ತಿ ಕುಡಿದ್ರೆ ಪ್ರಾಣಕ್ಕೇ ಅಪಾಯ. ಮಗು ತುಂಬಾ ಸೊರಗಿದ್ರೆ ಡಾಕ್ಟರ್ ಹೇಳೋ ತನಕ ಐರನ್ ಶುರು ಮಾಡಬೇಡಿ. ಫೆಬ್ರವರಿ, ಆಗಸ್ಟ್‌ನಲ್ಲಿ ಕೊಡೋ ಜಂತುಹುಳು ಮಾತ್ರೆನೂ ತಪ್ಪಿಸಬೇಡಿ.

ಪ್ರಾಜೆಕ್ಟ್‌ಗೆ ಅಂಗನವಾಡಿ ಮಕ್ಕಳ ರಕ್ತ ತಗೋಬಹುದಾ ಸಾರ್? ಗಿಡ ಎಲ್ಲಿಂದ ತರಲಿ?

ನೈತಿಕ ಸಮಿತಿ ಒಪ್ಪಿಗೆ ಇಲ್ಲದೇ ಒಂದು ಹನೀನೂ ತಗೋಬಾರದು. ತಂದೆ ತಾಯಿಗೆ ಅವರ ಮಾತಲ್ಲೇ ಹೇಳಿ ಸಹಿ ತಗೋಬೇಕು, ಏಳು ವರ್ಷ ದಾಟಿದ ಮಗುನ ಕೂಡ ಕೇಳಬೇಕು, ಬೇಡ ಅಂದ್ರೆ ಬಿಡಬೇಕು. ರಿಪೋರ್ಟ್ ಬಂದ ಮೇಲೆ ಆ ಮನೆಗೆ ವಾಪಸ್ ಹೋಗಿ ಹೇಳ್ರಿ. ರಕ್ತ ತಗೊಂಡು ಹೋದೋರು ತಿರುಗಿ ಬರಲೇ ಇಲ್ಲ ಅಂತ ಒಬ್ಬ ತಾಯಿ ನನಗೆ ಹೇಳಿದ್ದು ಇನ್ನೂ ಮನಸ್ಸಲ್ಲಿ ಕೂತೈತೆ.

ಗಿಡಕ್ಕೆ ಬಂದ್ರೆ, ಚಿತ್ರದುರ್ಗದ ಜೋಗಿಮಟ್ಟಿ ವನ್ಯಧಾಮ, ಅಲ್ಲಿಂದ ಅರಣ್ಯ ಇಲಾಖೆ ಅನುಮತಿ ಇಲ್ಲದೇ ಎಲೆ ಕೂಡ ಕೀಳಬೇಡಿ. ಹೆಸರು ಗ್ಯಾರಂಟಿ ಮಾಡ್ಕೊಳ್ಳಿ, ಬ್ರಾಹ್ಮಿ ಅಂದ್ರೆ ಒಬ್ಬರು ಒಂದೆಲಗ ತಂದುಕೊಡ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ, ಎರಡೂ ಬೇರೆ ಬೇರೆ ಕುಲ. ಹೂವು ಸಮೇತ ಒಣಗಿಸಿ ಹರ್ಬೇರಿಯಂನಲ್ಲಿ, ಅಂದ್ರೆ ಒಣಗಿದ ಗಿಡಗಳ ಸಂಗ್ರಹದಲ್ಲಿ, ಒಂದು ಮಾದರಿ ಇಡಲೇಬೇಕು.

ಮಕ್ಕಳು ಬೇಲಿಯ ಕಾಡಹರಳು ಬೀಜ ತಿಂದುಬಿಟ್ಟಿದಾವೆ, ಏನು ಮಾಡ್ಲಿ?

ವಾಂತಿ ಮಾಡಿಸೋಕೆ ಹೋಗಬೇಡಿ, ಉಪ್ಪುನೀರು ಕುಡಿಸಬೇಡಿ, ಆ ಬೀಜ, ಎಲೆ ಒಂದು ಕವರಲ್ಲಿ ಹಾಕ್ಕೊಂಡು ಸೀದಾ ಆಸ್ಪತ್ರೆ. ಶೇಂಗಾ ತರ ರುಚಿ ಇರುತ್ತೆ ಅಂತ ಗುಂಪಲ್ಲಿ ತಿಂದಿರ್ತಾರೆ, ಒಬ್ಬನಿಗೆ ವಾಂತಿ ಶುರುವಾದ್ರೆ ಜೊತೆಗಿದ್ದ ಎಲ್ಲಾ ಮಕ್ಕಳನ್ನೂ ಕರ್ಕೊಂಡು ಹೋಗಿ.

ತಕ್ಕಡಿ ಇಲ್ಲದೇ ಮಗು ಸೊರಗಿದೆಯಾ ಅಂತ ಮನೇಲಿ ನೋಡೋದು ಹೆಂಗೆ?

ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ತೋಳು, ಭುಜಕ್ಕೂ ಮೊಣಕೈಗೂ ನಟ್ಟನಡುವೆ, ಟೇಪ್ ಸುತ್ತಿ ನೋಡಿ. 12.5 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಅಂಗನವಾಡಿ ಟೀಚರ್‌ಗೆ, ಆಶಾ ಅಕ್ಕನಿಗೆ ಹೇಳಿ. 11.5ಕ್ಕಿಂತ ಕಮ್ಮಿ ಇದ್ರೆ, ಇಲ್ಲಾ ಎರಡೂ ಪಾದ ಊದಿ ಒತ್ತಿದ್ರೆ ಗುಳಿ ಬೀಳ್ತಿದ್ರೆ, ಅವತ್ತೇ ಜಿಲ್ಲಾ ಆಸ್ಪತ್ರೆಗೆ. ಅಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ ಮಗು ಇಬ್ಬರನ್ನೂ 14 ದಿನದ ಆಸುಪಾಸು ಇಟ್ಕೊಂಡು ನೋಡ್ಕೊಳ್ತಾರೆ, ಊಟ ಉಚಿತ, ಕೂಲಿ ತಪ್ಪಿದ್ದಕ್ಕೆ ತಾಯಿಗೆ ದಿನದ ಭತ್ಯೆನೂ ಕೊಡ್ತಾರೆ. ದಾಖಲಾಗುವಾಗ್ಲೇ ಬ್ಯಾಂಕ್ ಪಾಸ್‌ಬುಕ್ ಜೊತೆಗೆ ತಗೊಂಡು ಹೋಗಿ.